ತರಗೆಲೆ ತರುವ ಕಾಲಕ್ಕೇ ಮುಸುವ ಸತ್ತು ಬಿದ್ದಿದೆ: ಬೆಟ್ಟಕ್ಕೆ ಹೋಗುವುದೇ, ಬಿಡುವುದೇ?

ಬೆಟ್ಟದಂಚಿನ ಮನೆ
ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡಿಹೋಗುತ್ತದೆ ಎನ್ನುತ್ತಾರೆ. ಈ ಸಲ ಹಬ್ಬಕ್ಕೆ ಇನ್ನೂ ಎಂಟು ದಿನ ಇರುವಾಗಲೇ ಓಡಿದೆ. ಬೆಳಿಗ್ಗೆ ಹತ್ತು ಗಂಟೆಗೆ ಬರಿಗಾಲಲ್ಲಿ ಅಂಗಳಕ್ಕೆ ಇಳಿಯಲಾಗುವುದಿಲ್ಲ. ಬೆಟ್ಟದ ತುಂಬ ಎಲೆ ಉದುರಿ ಮೊಣಕಾಲು ಮುಳುಗುವಷ್ಟು ಬಿದ್ದಿದೆ.

ನಮ್ಮದು ಸಾಗರ ತಾಲ್ಲೂಕು, ಶರಾವತಿ ಹಿನ್ನೀರಿನ ಕಡೆ. ಮನೆಯಿಂದ ಸೊಪ್ಪಿನ ಬೆಟ್ಟಕ್ಕೆ ಕಾಲು ಗಂಟೆಯ ದಾರಿ. ಮೊನ್ನೆ ಸೋಮವಾರ ಅಮ್ಮನೂ ಪಕ್ಕದ ಮನೆಯ ಚಿಕ್ಕಮ್ಮನೂ ಹೆಡಿಗೆ ಹೊತ್ತು ತರಗೆಲೆ ಗುಡಿಸಲು ಹೋಗಿದ್ದರು. ಹಲಸಿನ ಮರದ ಬುಡದಲ್ಲಿ ಒಂದು ಮುಸುವ, ಕಪ್ಪು ಮೂತಿಯ ಮಂಗ, ಸತ್ತು ಬಿದ್ದಿತ್ತು. ಗಾಯವಿಲ್ಲ, ರಕ್ತವಿಲ್ಲ, ಮಲಗಿದ ಹಾಗೆ ಇತ್ತಂತೆ. ಇಬ್ಬರೂ ಅಲ್ಲಿಂದ ಸ್ವಲ್ಪ ದೂರ ಸರಿದು ಎಲೆ ಗುಡಿಸಿಕೊಂಡೇ ಬಂದರು! ಸಂಜೆ ನನಗೆ ಗೊತ್ತಾದಾಗ ಮಂಗನ ಕಾಯಿಲೆಯ ಭಯಕ್ಕೆ ಕೈಕಾಲು ತಣ್ಣಗಾಯಿತು.

ಅಮ್ಮ ಹೇಳುವುದು ಇಷ್ಟೇ: «ನಲವತ್ತು ವರ್ಷದಿಂದ ಬೆಟ್ಟಕ್ಕೆ ಹೋಗುತ್ತಿದ್ದೇನೆ, ನನಗೇನೂ ಆಗಿಲ್ಲ. ಕೊಟ್ಟಿಗೆಗೆ ಹಾಸಲು ಎಲೆ ಬೇಡವೇ? ತೋಟಕ್ಕೆ ಗೊಬ್ಬರ ಎಲ್ಲಿಂದ ಬರುತ್ತದೆ?» ನಾನು ಬೆಂಗಳೂರಿನಿಂದ ವಾರದ ರಜೆ ಹಾಕಿ ಬಂದವಳು. ಅಮ್ಮನ ಪ್ರಶ್ನೆಗೆ ನನ್ನ ಬಳಿ ಉತ್ತರವಿಲ್ಲ. ನಿಮ್ಮ ಊರುಗಳಲ್ಲಿ ಏನು ಮಾಡುತ್ತೀರಿ?

ಹೊಸನಗರದವಳು
ಮೊದಲು ಆಶಾ ಕಾರ್ಯಕರ್ತೆಗೆ ಇಲ್ಲವೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿ. ಇದನ್ನು ಓದಿ ಮುಗಿಸುವ ಮೊದಲೇ ಮಾಡಿ.

ನಿವೃತ್ತ ಆರೋಗ್ಯ ಸಹಾಯಕಿ
ತಂಗೀ, ಹೆದರಿ ಕೂರುವುದೂ ಬೇಡ, ಸುಮ್ಮನಿರುವುದೂ ಬೇಡ. ತೀರ್ಥಹಳ್ಳಿ ಕಡೆ ಇಪ್ಪತ್ತಾರು ವರ್ಷ ಮನೆಮನೆ ತಿರುಗಿದವಳು ನಾನು, ಗೊತ್ತಿರುವುದನ್ನು ಹೇಳುತ್ತೇನೆ.

ಮಂಗ ಸತ್ತ ಕೂಡಲೇ ಅದರ ಮೈಮೇಲಿದ್ದ, ರಕ್ತ ಹೀರಿ ಈ ಕಾಯಿಲೆ ಹರಡುವ ಉಣುಗುಗಳು ಕೆಳಗಿಳಿಯುತ್ತವೆ. ಹೆಣದ ಸುತ್ತಲಿನ ಎಲೆಯಲ್ಲೇ ಅವು ಮುಂದಿನ ಮೈಗಾಗಿ ಕಾದಿರುತ್ತವೆ. ಅದಕ್ಕಾಗಿಯೇ ಇಲಾಖೆಯವರು ಬಂದು ಸುತ್ತ ಐವತ್ತು ಅಡಿ ಮೆಲಾಥಿಯಾನ್ ಎಂಬ ಕೀಟನಾಶಕದ ಪುಡಿ ಹೊಡೆಯುವುದು. ಪರೀಕ್ಷೆಗೆ ಬೇಕಾದದ್ದನ್ನು ತೆಗೆದುಕೊಂಡು ಹೆಣವನ್ನು ಅವರೇ ಸುಡುತ್ತಾರೆ. ನೀವು ಮುಟ್ಟಬೇಡಿ, ಹೂಳಲೂ ಬೇಡಿ. «ಸ್ವಲ್ಪ ದೂರ ಸರಿದು» ಗುಡಿಸಿದ್ದು ಸಾಲದು.

ಅಮ್ಮ, ಚಿಕ್ಕಮ್ಮ ಇಬ್ಬರಿಗೂ ಇನ್ನು ಹತ್ತು ದಿನ ಜ್ವರದ ಮೇಲೆ ಕಣ್ಣಿಡಿ. ಉಣುಗು ಕಚ್ಚಿದ ಮೂರರಿಂದ ಎಂಟು ದಿನದೊಳಗೆ ಸಾಮಾನ್ಯವಾಗಿ ಜ್ವರ ಬರುತ್ತದೆ. ಅದು ಮೆಲ್ಲಗೆ ಏರುವ ಜ್ವರವಲ್ಲ. ಬೆಳಿಗ್ಗೆ ಚೆನ್ನಾಗಿದ್ದವರು ಸಂಜೆಗೆ ಚಳಿಜ್ವರ, ತಲೆ ಸಿಡಿಯುವ ನೋವು, ಸೊಂಟ ಕಾಲು ಮುರಿದುಬಿದ್ದಂತಾಗಿ ಮಲಗುತ್ತಾರೆ. ಕಣ್ಣು ಕೆಂಪಾಗುತ್ತದೆ. ಕೆಲವರಿಗೆ ವಾಂತಿ, ಒಸಡಿನಿಂದಲೋ ಮೂಗಿನಿಂದಲೋ ರಕ್ತ. ಆಗ ಮನೆಮದ್ದು, ಕಷಾಯ ಎಂದು ದಿನ ಕಳೆಯಬೇಡಿ. ಬೆಟ್ಟಕ್ಕೆ ಹೋಗಿದ್ದೆ, ಮಂಗ ಸತ್ತಿತ್ತು ಎಂದು ವೈದ್ಯರಿಗೆ ನೀವಾಗಿಯೇ ಹೇಳಿ. ಅವರು ಕೇಳಲಿ ಎಂದು ಕಾಯಬೇಡಿ.

ದಾವಣಗೆರೆ ಬೆಣ್ಣೆ
ಮಂಗನ ಬಾವು ತಾನೇ ಇದು? ನನಗೆ ಚಿಕ್ಕಂದಿನಲ್ಲಿ ಬಂದಿತ್ತು. ಕೆನ್ನೆ ಊದಿಕೊಂಡಿತ್ತು, ವಾರದಲ್ಲಿ ಹೋಯಿತು. ಇಷ್ಟೊಂದು ಹೆದರಿಕೆ ಏಕೆ?

ಹೊಸನಗರದವಳು
ಅಲ್ಲ! ಮಂಗನ ಬಾವು ಬೇರೆ, ಮಂಗನ ಕಾಯಿಲೆ ಬೇರೆ. ಕೆನ್ನೆ ಊದುವ ಮಂಗನ ಬಾವಿಗೂ ಮಂಗಕ್ಕೂ ಸಂಬಂಧವೇ ಇಲ್ಲ. ಇದು ಕೆಎಫ್‌ಡಿ, ಕ್ಯಾಸನೂರು ಕಾಡಿನ ಕಾಯಿಲೆ. ನೂರು ಜನಕ್ಕೆ ಬಂದರೆ ಮೂರರಿಂದ ಐದು ಜನ ಸಾಯುತ್ತಾರೆ. ಬಯಲುಸೀಮೆಯಲ್ಲಿ ಈ ಎರಡನ್ನೂ ಒಂದೇ ಎಂದುಕೊಂಡವರನ್ನು ತುಂಬ ಕಂಡಿದ್ದೇನೆ. ದಯವಿಟ್ಟು ನಿಮ್ಮವರಿಗೂ ತಿಳಿಸಿ.

ದಾವಣಗೆರೆ ಬೆಣ್ಣೆ
ತಪ್ಪಾಯಿತು ಅಕ್ಕ. ನಿಜಕ್ಕೂ ಗೊತ್ತಿರಲಿಲ್ಲ. ಹೇಳಿದ್ದಕ್ಕೆ ಧನ್ಯವಾದ.

ಅಡಿಕೆ ಬೆಳೆಗಾರ
ಮೂಲ ಇರುವುದು ಮಂಗಗಳಲ್ಲಿ. ಬಾಳೆ ಬಿಡುವುದಿಲ್ಲ, ಏಲಕ್ಕಿ ಬಿಡುವುದಿಲ್ಲ, ಎಳೆ ಅಡಿಕೆಯನ್ನೂ ಕಿತ್ತು ಚೆಲ್ಲುತ್ತವೆ. ಈಗ ಕಾಯಿಲೆಯನ್ನೂ ಹೊತ್ತು ತರುತ್ತವೆ. ಹಿಡಿದು ಒಂದು ಕಡೆ ಕೂಡಿಹಾಕಿ ಎಂದು ಎಷ್ಟು ವರ್ಷದಿಂದ ಕೂಗುತ್ತಿದ್ದೇವೆ. ಮಂಕಿ ಪಾರ್ಕ್ ಮಾತು ಮಾತಾಗಿಯೇ ಉಳಿಯಿತು.

ಕಾಡುದಾರಿ
ಅಣ್ಣಾ, ತೋಟ ಹಾಳಾದ ಸಂಕಟ ನನಗೂ ಗೊತ್ತು, ನಮ್ಮದೂ ತೋಟವೇ. ಆದರೆ ಈ ವಿಷಯದಲ್ಲಿ ಮಂಗದ ಮೇಲೆ ಹೊರಿಸಬೇಡಿ. ಕಚ್ಚುವುದು ಉಣುಗು. ವೈರಸ್ ಕಾಡಿನ ಇಲಿ, ಮೂಗಿಲಿ, ಉಣುಗುಗಳ ನಡುವೆ ಸದ್ದಿಲ್ಲದೆ ಸುತ್ತುತ್ತಿರುತ್ತದೆ. ಮುಸುವಕ್ಕೂ ಕೆಂಪು ಮೂತಿಯ ಮಂಗಕ್ಕೂ ತಗುಲಿದಾಗ ಅವು ನಮಗಿಂತ ಬೇಗ ಸಾಯುತ್ತವೆ. ಅವು ಸತ್ತದ್ದರಿಂದಲೇ ನಮಗೆ ಎಚ್ಚರಿಕೆ ಸಿಗುವುದು. ಮಂಗಗಳನ್ನೆಲ್ಲ ಲಾರಿಗೆ ತುಂಬಿ ಬೇರೆ ಕಾಡಿಗೆ ಬಿಟ್ಟರೆ ಉಣುಗನ್ನೂ ಜತೆಗೇ ಕಳಿಸಿದಂತೆ.

ಅಡಿಕೆ ಬೆಳೆಗಾರ
ಎಚ್ಚರಿಕೆ ಕೊಡಲು ಅವು ಸಾಯಬೇಕೇ? ನನ್ನ ಬೆಳೆಯ ಪ್ರಶ್ನೆಗೆ ಇದು ಉತ್ತರವಲ್ಲ.

ಕಾಡುದಾರಿ
ಬೆಳೆಯ ಪ್ರಶ್ನೆ ನಿಜವಾದದ್ದು, ಒಪ್ಪುತ್ತೇನೆ. ಅದನ್ನು ಬೇರೆಯಾಗಿಯೇ ಮಾತಾಡಬೇಕು. ಎರಡನ್ನೂ ಒಂದೇ ಗಂಟಿಗೆ ಕಟ್ಟಿದರೆ ಎರಡೂ ಬಿಚ್ಚಲಾಗುವುದಿಲ್ಲ.

ಬೆಳ್ತಂಗಡಿಯ ಮಾಸ್ತರು
ಇಲ್ಲಿ ಎಲ್ಲರೂ ಉಣುಗು, ಮಂಗ ಎಂದೇ ಮಾತಾಡುತ್ತಿದ್ದೀರಿ. ಕೊಡಲಿಯ ಮಾತು ಯಾರೂ ಎತ್ತಲಿಲ್ಲ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತವು, ಹಿಂದೆಯೇ ಜನ ಜ್ವರ ಹಿಡಿದು ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಮೊದಲು ಹಳದಿ ಜ್ವರವೇನೋ ಎಂದು ಗಾಬರಿಯಾಗಿ ಓಡಿ ಬಂದಿದ್ದರು. ನೋಡಿದರೆ ಹೊಸ ವೈರಸ್. ಮೇಯುವ ದನ, ಕಡಿದು ತೆರವಾದ ಕಾಡು, ಅಂಚಿನ ಪೊದೆ ಇವುಗಳ ನಡುವೆ ಉಣುಗು ಹೆಚ್ಚಿತು ಎಂದು ಆ ಕಾಲದ ವಿಜ್ಞಾನಿಗಳೇ ಬರೆದಿದ್ದಾರೆ. ದನಕ್ಕೆ ಕಾಯಿಲೆ ಬರುವುದಿಲ್ಲ, ಆದರೆ ಬಲಿತ ಉಣುಗಿಗೆ ದನದ ರಕ್ತವೇ ಊಟ. ರಕ್ತ ಕುಡಿದ ಹೆಣ್ಣು ಉಣುಗು ಉದುರಿ ಎಲೆಯ ಅಡಿಯಲ್ಲಿ ಮೊಟ್ಟೆ ಇಡುತ್ತದೆ.

1982–83ರಲ್ಲಿ ನಮ್ಮ ಬೆಳ್ತಂಗಡಿಯ ಸರದಿ. ಕಾಡು ಕಡಿದು ಗೇರು ನೆಡಲು ಹೊರಟ ಜಾಗದಿಂದಲೇ ಕಾಯಿಲೆ ಎದ್ದಿತು. ಆಗ ನಾನು ಹೈಸ್ಕೂಲು. ನಮ್ಮ ತರಗತಿಯ ಒಂದು ಬೆಂಚು ಆ ವರ್ಷ ಪರೀಕ್ಷೆಯವರೆಗೂ ಖಾಲಿಯಾಗಿತ್ತು. ಆ ಹುಡುಗನ ತಂದೆ ಮರ ಕಡಿಯುವ ಕೂಲಿಗೆ ಹೋಗಿದ್ದವರು. ಅವರು ತೀರಿಹೋದ ಮೇಲೆ ಹುಡುಗ ಶಾಲೆ ಬಿಟ್ಟು ಅದೇ ಕೂಲಿಗೆ ನಿಂತ.

ಹಕ್ಕಿಗಣ್ಣು
ಮಾಸ್ತರೇ, ನೀವು 1957 ಎಂದಾಗ ಒಂದು ನೆನಪಾಯಿತು. ಈ ವೈರಸ್ಸನ್ನು ಪರೀಕ್ಷಿಸಿದಾಗ ಅದು ರಷ್ಯಾದ ವಸಂತ-ಬೇಸಿಗೆಯ ಮಿದುಳಿನ ಉರಿಯೂತ ಎಂಬ ಕಾಯಿಲೆಯ ವೈರಸ್ಸಿನ ಬಳಗಕ್ಕೆ ಸೇರಿದ್ದು ಎಂದು ತಿಳಿಯಿತು. ಹಿಮ ಕರಗಿ ಮರ ಚಿಗುರುವಾಗ ಅಲ್ಲಿ ಉಣುಗು ಏಳುತ್ತದೆ, ಎಲೆ ಉದುರಿ ಬಿಸಿಲೇರುವಾಗ ಇಲ್ಲಿ ಏಳುತ್ತದೆ. ಸೈಬೀರಿಯಾದಿಂದ ಚಳಿಗಾಲಕ್ಕೆ ಬರುವ ಹಕ್ಕಿಗಳೇ ಉಣುಗು ತಂದವೇನೋ ಎಂಬ ಅನುಮಾನ ಹುಟ್ಟಿತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಪಕ್ಷಿತಜ್ಞ ಸಲೀಂ ಅಲಿಯವರೂ ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರೂ ಸಾವಿರಾರು ವಲಸೆ ಹಕ್ಕಿಗಳನ್ನು ಹಿಡಿದು, ಕಾಲಿಗೆ ಉಂಗುರ ತೊಡಿಸಿ ಬಿಡುವ ಕೆಲಸ ಶುರು ಮಾಡಿದ್ದರ ಹಿಂದೆ ಈ ಅನುಮಾನವೂ ಇತ್ತು. ಹಕ್ಕಿಯ ಮೇಲಿನ ದೂರು ಸಾಬೀತಾಗಲಿಲ್ಲ. ನಮ್ಮ ದೇಶದ ಹಕ್ಕಿ ವಲಸೆಯ ಎಷ್ಟೋ ತಿಳಿವಳಿಕೆ ಮಾತ್ರ ಆ ಉಂಗುರಗಳಿಂದ ಬಂತು.

ಹೊಸನಗರದವಳು
ಇದು ನನಗೆ ಹೊಸದು! ನಾಳೆ ತರಗತಿಯಲ್ಲಿ ಮಕ್ಕಳಿಗೆ ಹೇಳುತ್ತೇನೆ.

ಗುಡ್ಡೇಕೇರಿ
ಇಷ್ಟೆಲ್ಲ ಯೋಚನೆ ಏಕೆ? ಫೆಬ್ರವರಿಯಲ್ಲೇ ಬೆಟ್ಟಕ್ಕೆ ಒಂದು ಸಲ ಬೆಂಕಿ ಕೊಟ್ಟರೆ ಎಲೆಯೂ ಹೋಗುತ್ತದೆ, ಉಣುಗೂ ಹೋಗುತ್ತದೆ. ಹಿಂದಿನವರು ಹೀಗೆಯೇ ಮಾಡುತ್ತಿದ್ದರು.

ಕಾಡುದಾರಿ
ದಯವಿಟ್ಟು ಈ ಮಾತನ್ನು ಎಲ್ಲಿಯೂ ಆಡಬೇಡಿ. ಅರಣ್ಯ ಇಲಾಖೆಯವರು ಜನವರಿಯಿಂದ ಬೆಂಕಿ ರೇಖೆ ಮಾಡಿಕೊಂಡು ಕಾಯುತ್ತಿರುವ ಕಾಲವಿದು. ಹೋದ ವರ್ಷ ನಮ್ಮ ಎದುರಿನ ಗುಡ್ಡಕ್ಕೆ ಯಾರೋ ಹೀಗೆಯೇ «ಸ್ವಲ್ಪ» ಹಚ್ಚಿದ ಬೆಂಕಿ ಮೂರು ದಿನ ಉರಿಯಿತು. ಹಸಿ ಸೊಪ್ಪಿನ ಕೊಂಬೆಯಿಂದ ಬಡಿದು ಆರಿಸಿದ್ದು ಊರಿನವರೇ. ನನ್ನ ಅಂಗೈಯಲ್ಲಿ ಇನ್ನೂ ಕಲೆ ಇದೆ. ಉಪ್ಪಿನಕಾಯಿಗೆ ಹಾಕುವ ಕಾಡುಮಾವು ಅಪ್ಪೆಮಿಡಿಯ ಎರಡು ಹಳೆಯ ಮರ ನಿಂತಲ್ಲೇ ಬೆಂದವು. ಬುಡದಲ್ಲಿ ಇದ್ದಿಲು, ತುದಿಯಲ್ಲಿ ಹೂಗೊಂಚಲು, ಹಾಗೆಯೇ ಒಣಗಿದವು.

ಬೆಟ್ಟದಂಚಿನ ಮನೆ
ಬೆಂಕಿಯ ಮಾತು ಅಪ್ಪನೂ ಒಪ್ಪುವುದಿಲ್ಲ. ಆ ಎಲೆಯೇ ನಮ್ಮ ತೋಟದ ಅನ್ನ. ಕೊಟ್ಟಿಗೆಗೆ ಹಾಸಿ, ಸಗಣಿ ಗಂಜಲ ಸೇರಿ ಕೊಳೆತ ಮೇಲೆ ಅಡಿಕೆ ಬುಡಕ್ಕೆ ಹೋಗಬೇಕು.

ಅಪ್ಪೆಮಿಡಿ ಎಂದಿರಲ್ಲ, ನಾನು ರಜೆ ಹಾಕಿ ಬಂದದ್ದೂ ಅದಕ್ಕೇ. ಹೊಳೆಯಂಚಿನ ಮರಕ್ಕೆ ಈ ವರ್ಷ ಮಿಡಿ ಹಿಡಿದಿದೆಯಂತೆ. ಅಲ್ಲಿಗೂ ಕಾಡಿನೊಳಗೇ ದಾರಿ.

ಉಪ್ಪಿನಕಾಯಿ ಜಾಡಿ
ಅಯ್ಯೋ, ಮಿಡಿಯ ಸುದ್ದಿ ಎತ್ತಿದಿರಿ! ತೊಟ್ಟು ಮುರಿದಾಗ ಚಿಮ್ಮುವ ಸೊನೆಯ ಪರಿಮಳ ಈಗಲೇ ಮೂಗಿಗೆ ಬಡಿಯಿತು. ಒಂದು ಕಿವಿಮಾತು: ಮರದ ಬುಡದಲ್ಲಿ ನೆಲಕ್ಕೆ ಕೂತು ಮಿಡಿ ಆರಿಸಬೇಡಿ. ನಾವು ಎಲ್ಲವನ್ನೂ ಚೀಲಕ್ಕೆ ತುಂಬಿ ಮನೆಯಂಗಳಕ್ಕೆ ತಂದು, ಸಿಮೆಂಟಿನ ಕಣದಲ್ಲಿ ಹರಡಿ ಆರಿಸುತ್ತೇವೆ. ಉಣುಗು ಹತ್ತುವುದೇ ಕೂತಾಗ, ಒರಗಿದಾಗ. ಮರವೇರಿದವನಿಗಿಂತ ಬುಡದಲ್ಲಿ ಕೂತವರಿಗೇ ಅಪಾಯ.

ಮೂಡಿಗೆರೆ ಕಾಫಿಹೂ
ತೋಟದ ಕೂಲಿಯವರ ಮಾತನ್ನೂ ಸೇರಿಸುತ್ತೇನೆ. ಹೂಮಳೆ ಬಿದ್ದು ಕಾಫಿ ಅರಳಿದರೆ ಎಲ್ಲರೂ ಬಿಳಿ ಹೂವಿನ ಚಿತ್ರ ಹಂಚಿಕೊಳ್ಳುತ್ತಾರೆ, ನಾನೂ ಹಂಚಿಕೊಂಡಿದ್ದೇನೆ. ಅದೇ ವಾರ ಕೊಪ್ಪ, ನರಸಿಂಹರಾಜಪುರದ ಕಡೆ ತೋಟದ ಕೆಲಸಕ್ಕೆ ಹೊರಗಿನಿಂದ ಬಂದವರು ಜ್ವರ ಹಿಡಿದು ಮಲಗಿದ್ದನ್ನು ನೋಡಿದ್ದೇನೆ. ಅವರಿಗೆ ಉಣುಗು ಗೊತ್ತಿಲ್ಲ, ಮಂಗನ ಕಾಯಿಲೆ ಎಂಬ ಹೆಸರೇ ಕೇಳಿಲ್ಲ, ನಮ್ಮ ಭಾಷೆಯೂ ಬರುವುದಿಲ್ಲ. ಗೋಡೆಗೆ ಅಂಟಿಸಿದ ಕನ್ನಡದ ಕರಪತ್ರ ಅವರಿಗೆ ಏನು ಹೇಳೀತು? ತೋಟದ ಮಾಲೀಕರು ಉಣುಗು ಹತ್ತದಂತೆ ಹಚ್ಚುವ ಎಣ್ಣೆಯ ಬಾಟಲಿ ಕೊಟ್ಟು, ಹಚ್ಚಿಕೊಳ್ಳುವುದನ್ನು ಎದುರಿಗೇ ನಿಂತು ತೋರಿಸಬೇಕು. ನಾನು ಹಾಗೆ ಮಾಡಲು ಶುರು ಮಾಡಿ ಮೂರು ವರ್ಷವಾಯಿತು.

ಸಾಗರದ ಅಂಗಡಿ
ನನಗೆ ಬಂದಿತ್ತು, 2019ರಲ್ಲಿ. ಅರಳಗೋಡು ಸುತ್ತಮುತ್ತ ಸಾಲುಸಾಲಾಗಿ ಜನ ಮಲಗಿದ ವರ್ಷ.

ಸೌದೆಗೆ ಹೋಗಿದ್ದೆ ಅಷ್ಟೇ. ಸ್ನಾನ ಮಾಡುವಾಗ ಕಾಲಿನಲ್ಲಿ, ಕಾಲುಚೀಲದ ಗೆರೆ ಮೂಡಿದ ಕಡೆ ಒಂದು ಚುಕ್ಕೆ ಕಂಡಿತು. ಮಚ್ಚೆ ಎಂದುಕೊಂಡೆ. ಉಗುರಿನಿಂದ ಕೆರೆದರೆ ಚುಕ್ಕೆಗೆ ಕಾಲು ಬಂತು. ಗುಂಡುಸೂಜಿಯ ತಲೆಯಷ್ಟೂ ಇರಲಿಲ್ಲ. ದನದ ಕಿವಿಯಲ್ಲಿ ಹುಣಿಸೆ ಬೀಜದಂತೆ ಊದಿಕೊಂಡಿರುತ್ತದಲ್ಲ, ಉಣುಗು ಎಂದರೆ ಅದೇ ಎಂದು ನಾನು ಅಲ್ಲಿಯವರೆಗೆ ತಿಳಿದಿದ್ದೆ. ಮನುಷ್ಯರನ್ನು ಹೆಚ್ಚಾಗಿ ಕಚ್ಚುವುದು ಈ ಮರಿ.

ಐದನೆಯ ದಿನ ಜ್ವರ. ಮೊದಲು ಹೋದ ಆಸ್ಪತ್ರೆಯಲ್ಲಿ ಟೈಫಾಯ್ಡ್ ಎಂದು ನೋವಿನ ಚುಚ್ಚುಮದ್ದು ಕೊಟ್ಟರು. ಕಾಡಿಗೆ ಹೋಗಿದ್ದಿರಾ ಎಂದು ಯಾರೂ ಕೇಳಲಿಲ್ಲ, ಹೇಳಬೇಕೆಂದು ನನಗೂ ಹೊಳೆಯಲಿಲ್ಲ. ನಾಲ್ಕು ದಿನ ಕಳೆದು ಒಸಡಿನಲ್ಲಿ ರಕ್ತ ಕಂಡ ಮೇಲೆ ಸರ್ಕಾರಿ ಆಸ್ಪತ್ರೆಯ ಕಿರಿಯ ವೈದ್ಯರೊಬ್ಬರು ರಕ್ತವನ್ನು ಶಿವಮೊಗ್ಗಕ್ಕೆ ಕಳಿಸಿದರು. ಪ್ಲೇಟ್ಲೆಟ್ ಇಳಿದಿತ್ತು. ಬದುಕಿದೆ. ಆದರೆ ಎರಡು ತಿಂಗಳು ಅಂಗಡಿಯ ಮೆಟ್ಟಿಲು ಹತ್ತಲು ಗೋಡೆ ಹಿಡಿಯಬೇಕಾಗಿತ್ತು.

ನಿವೃತ್ತ ಆರೋಗ್ಯ ಸಹಾಯಕಿ
ಅಂಗಡಿಯವರು ಹೇಳಿದ ನೋವಿನ ಚುಚ್ಚುಮದ್ದಿನ ಮಾತನ್ನು ಎಲ್ಲರೂ ಗಮನಿಸಿ. ರಕ್ತ ಸೋರುವ ಕಾಯಿಲೆ ಇದು. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫಿನ್ಯಾಕ್ ತರಹದ ನೋವಿನ ಔಷಧಿಗಳಿಂದ ರಕ್ತಸ್ರಾವ ಹೆಚ್ಚುವ ಭಯವಿದೆ. ಜ್ವರಕ್ಕೆ ಪ್ಯಾರಾಸಿಟಮಾಲ್, ಜತೆಗೆ ಧಾರಾಳ ನೀರು, ಗಂಜಿ, ಆಸ್ಪತ್ರೆಯ ನಿಗಾ. ವೈರಸ್ಸನ್ನೇ ಕೊಲ್ಲುವ ಮಾತ್ರೆ ಇದಕ್ಕಿಲ್ಲ.

ಇನ್ನೊಂದು: ಜ್ವರ ಬಿಟ್ಟಿತೆಂದು ಎದ್ದು ಕೆಲಸಕ್ಕೆ ಓಡಬೇಡಿ. ಒಂದೆರಡು ವಾರ ಆರಾಮವಾಗಿದ್ದು ಕೆಲವರಿಗೆ ಮತ್ತೆ ಜ್ವರ ಬರುತ್ತದೆ. ಆಗ ಕುತ್ತಿಗೆ ಬಿಗಿತ, ಕೈನಡುಕ, ಮಾತಿನಲ್ಲಿ ಗೊಂದಲ ಕಾಣಬಹುದು. ಕೂಡಲೇ ಮತ್ತೆ ಕರೆದುಕೊಂಡು ಹೋಗಿ. ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಹಾಗಾಗಿ ಕಾಯಿಲೆಯವರ ತಟ್ಟೆ ಲೋಟ ಬೇರೆ ಇಟ್ಟು ಅವರ ಮನಸ್ಸು ನೋಯಿಸಬೇಡಿ. ಅದನ್ನು ಬೇಕಾದಷ್ಟು ನೋಡಿದ್ದೇನೆ.

ಮಲ್ಲೇಶ್ವರದ ಮಲೆನಾಡಿಗ
ಲಸಿಕೆ ಇತ್ತಲ್ಲ? ನಮ್ಮ ಅಜ್ಜಿಗೆ ಪ್ರತಿವರ್ಷ ಹಾಕಿಸುತ್ತಿದ್ದೆವು.

ಹೊಸನಗರದವಳು
ಇತ್ತು, ಈಗ ಇಲ್ಲ. ಹೆಬ್ಬಾಳದಲ್ಲಿ ತಯಾರಾಗುತ್ತಿತ್ತು. 1990ರಿಂದ ಕೊಟ್ಟರು. ತಿಂಗಳ ಅಂತರದಲ್ಲಿ ಎರಡು, ಆಮೇಲೆ ಬೂಸ್ಟರ್, ಮತ್ತೆ ವರ್ಷ ವರ್ಷ. ಚುಚ್ಚಿದ ಜಾಗ ಎಷ್ಟು ನೋಯುತ್ತಿತ್ತೆಂದರೆ ಎರಡನೆಯ ಸಲಕ್ಕೆ ಜನ ಮನೆಯ ಹಿಂಬಾಗಿಲಿನಿಂದ ತೋಟಕ್ಕೆ ಹೋಗಿಬಿಡುತ್ತಿದ್ದರು. ಶಕ್ತಿ ಸಾಲದೆಂದು 2022ರಲ್ಲಿ ನಿಲ್ಲಿಸಿದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೊಸದೊಂದರ ಕೆಲಸದಲ್ಲಿ ತೊಡಗಿದೆ. ಅರುವತ್ತು ವರ್ಷ ದಾಟಿದ ಕಾಯಿಲೆಗೆ ಕೈಯಲ್ಲಿ ಒಂದು ಲಸಿಕೆ ಇಲ್ಲ ಎಂದರೆ ಹೊಟ್ಟೆ ಉರಿಯುತ್ತದೆ. ನಗರದಲ್ಲಿ ಬರುವ ಕಾಯಿಲೆಯಾಗಿದ್ದರೆ ಇಷ್ಟು ಕಾಲ ಹಿಡಿಯುತ್ತಿತ್ತೇ?

ಮಲ್ಲೇಶ್ವರದ ಮಲೆನಾಡಿಗ
ನೀವು ಹೇಳಿದ್ದು ಚುಚ್ಚಿತು, ಏಕೆಂದರೆ ನಿಜ. ಇಲ್ಲಿ ಈಗ ಟಬೂಬಿಯಾ ಅರಳಿ ರಸ್ತೆಗಳೆಲ್ಲ ಗುಲಾಬಿ ಬಣ್ಣ. ಬೆಳಿಗ್ಗೆಯಿಂದ ಹತ್ತು ಜನ ಅದೇ ಚಿತ್ರ ಕಳಿಸಿದ್ದಾರೆ. ಊರಿನ ಮಂಗನ ಸಾವಿನ ಸುದ್ದಿ ಒಬ್ಬರಿಂದಲೂ ಬರಲಿಲ್ಲ.

ಒಂದು ಅನುಮಾನ: ಈಗೀಗ ಬಿಸಿಲು ಬೇಗ ಏರುತ್ತಿದೆ. 2023ರ ಫೆಬ್ರವರಿಯ ಹಗಲಿನ ಸೆಕೆ ದೇಶದಲ್ಲಿ 1901ರಿಂದೀಚೆಗೆ ಅತಿ ಹೆಚ್ಚು ಎಂದು ಹವಾಮಾನ ಇಲಾಖೆಯೇ ಹೇಳಿತ್ತು. ಹೀಗಾದರೆ ಉಣುಗಿನ ಕಾಲವೂ ಹಿಂದುಮುಂದಾಗುತ್ತದೆಯೇ?

ನಿವೃತ್ತ ಆರೋಗ್ಯ ಸಹಾಯಕಿ
ನಾನು ಕಂಡಂತೆ ಡಿಸೆಂಬರಿನಲ್ಲಿ ಶುರುವಾಗಿ ಜನವರಿಯಿಂದ ಮಾರ್ಚಿನವರೆಗೆ ಜೋರು. ಮಳೆಗಾಲ ಹಿಡಿದು ನೆಲ ನೆನೆದರೆ ನಿಲ್ಲುತ್ತದೆ. ನಡುವೆ ಬರುವ ಒಂದು ಗುಡುಗಿನ ಮಳೆಯನ್ನು ನಂಬಿ ಎಣ್ಣೆ ಬಿಡಬೇಡಿ ಎಂದು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ.

ಶಿರಸಿ ಸೊಪ್ಪಿನಬೆಟ್ಟ
ಎಲ್ಲರೂ ಅಮ್ಮನಿಗೆ «ಹೋಗಬೇಡಿ» ಎನ್ನುತ್ತಿದ್ದೀರಿ. ಹೋಗದಿದ್ದರೆ ಏನು ಎಂದು ಯಾರೂ ಹೇಳುತ್ತಿಲ್ಲ. ನಮ್ಮಲ್ಲಿ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆ ಬೆಟ್ಟ ಎಂಬ ಲೆಕ್ಕ ಬ್ರಿಟಿಷರ ಕಾಲದಿಂದಲೂ ಇದೆ. ಎಲೆಯಿಲ್ಲದೆ ತೋಟವಿಲ್ಲ. ಹತ್ತಿರದ ಗುಡ್ಡಕ್ಕೆಲ್ಲ ಅಕೇಶಿಯಾ ನೆಟ್ಟರು. ಅದರ ಎಲೆ ಬೇಗ ಕೊಳೆಯುವುದಿಲ್ಲ, ಕೊಟ್ಟಿಗೆಗೂ ಆಗುವುದಿಲ್ಲ. ಹೆಂಗಸರು ಇನ್ನಷ್ಟು ಒಳಕ್ಕೆ ಹೋಗಬೇಕಾಯಿತು.

ನಾವು ಮಾಡಿಕೊಂಡ ವ್ಯವಸ್ಥೆ ಹೇಳುತ್ತೇನೆ, ಬೇಕಾದರೆ ತೆಗೆದುಕೊಳ್ಳಿ. ಕಾಯಿಲೆಯ ಸುದ್ದಿ ಬಂದ ವರ್ಷ ಕೊಟ್ಟಿಗೆಗೆ ಭತ್ತದ ಹುಲ್ಲಿನ ಕಸ, ಅಡಿಕೆ ಸಿಪ್ಪೆ, ತೋಟದೊಳಗಿನ ಕಳೆ ಇಷ್ಟನ್ನೇ ಹಾಸುತ್ತೇವೆ. ಕೊಟ್ಟಿಗೆಗೆ ಅದು ಸಾಲುವುದಿಲ್ಲ, ಅರ್ಧಕ್ಕೆ ಆಗುತ್ತದೆ. ಉಳಿದರ್ಧಕ್ಕೆ ಎಲೆಯನ್ನು ಡಿಸೆಂಬರಿಗೆ ಮುಂಚೆಯೇ ಸಾಧ್ಯವಾದಷ್ಟು ತಂದು ರಾಶಿ ಹಾಕಿಕೊಳ್ಳುತ್ತೇವೆ. ಆಗ ಎಲೆ ಅಷ್ಟು ಉದುರಿರುವುದಿಲ್ಲ ಎಂಬುದೂ ನಿಜ.

ಬೆಟ್ಟದಂಚಿನ ಮನೆ
ಅಣ್ಣಾ, ಅಮ್ಮನಿಗೆ ಇದನ್ನು ಓದಿ ಹೇಳಿದೆ. ಇಷ್ಟು ಹೊತ್ತು ಬಂದ ಉತ್ತರಗಳಲ್ಲಿ ಅವರು ಪೂರ್ತಿ ಕೇಳಿಸಿಕೊಂಡದ್ದು ಇದೊಂದೇ. «ಅಡಿಕೆ ಸಿಪ್ಪೆ ಹಾಸಿದರೆ ಹಸು ಜಾರುತ್ತದೆಯೇ ಕೇಳು» ಎಂದರು.

ಶಿರಸಿ ಸೊಪ್ಪಿನಬೆಟ್ಟ
ಒಣಗಿಸಿ ಹಾಕಿದರೆ ಜಾರುವುದಿಲ್ಲ. ಮೇಲೊಂದು ಪದರ ಹುಲ್ಲಿರಲಿ. ಹಸುವಿಗೆ ಉಣುಗಿನ ಔಷಧಿಯನ್ನೂ ಪಶುವೈದ್ಯರಿಂದ ಮಾಡಿಸಿಬಿಡಿ. ಬೆಟ್ಟದಿಂದ ಕೊಟ್ಟಿಗೆಗೆ ಉಣುಗನ್ನು ತರುವುದು ಅದೇ.

ಗುಡ್ಡೇಕೇರಿ
ಬೆಂಕಿಯ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ಕಾಡುದಾರಿಯವರ ಅಪ್ಪೆಮಿಡಿ ಮರದ ವಿಷಯ ಓದಿ ಸಂಕಟವಾಯಿತು. ಎಣ್ಣೆ ಎನ್ನುತ್ತಿದ್ದೀರಲ್ಲ, ಅದು ಎಲ್ಲಿ ಸಿಗುತ್ತದೆ?

ನಿವೃತ್ತ ಆರೋಗ್ಯ ಸಹಾಯಕಿ
ಡೆಪಾ ಎಣ್ಣೆ. ಹಿಂದೆ ಡಿಎಂಪಿ ಎಣ್ಣೆ ಕೊಡುತ್ತಿದ್ದೆವು. ಆರೋಗ್ಯ ಕೇಂದ್ರದಲ್ಲಿ ಉಚಿತ. ಬೆಟ್ಟಕ್ಕೆ ಹೊರಡುವ ಮೊದಲು ಕೈ, ಕಾಲು, ಕುತ್ತಿಗೆಗೆ ಹಚ್ಚಿಕೊಳ್ಳಬೇಕು. ಕಣ್ಣು ಬಾಯಿಗೆ ತಾಗಿಸಬಾರದು. ಅದರ ಶಕ್ತಿ ಕೆಲವು ಗಂಟೆ ಮಾತ್ರ, ಬೆಳಿಗ್ಗೆ ಹಚ್ಚಿದ್ದನ್ನು ನಂಬಿ ಸಂಜೆ ಮತ್ತೆ ಹೋಗಬಾರದು. ಮೈತುಂಬ ಬಟ್ಟೆ, ಪ್ಯಾಂಟಿನ ತುದಿ ಕಾಲುಚೀಲದೊಳಗೆ. ಹೆಂಗಸರು ಸೀರೆ ಎತ್ತಿಕಟ್ಟಿ ಬರಿಗಾಲಲ್ಲಿ ಹೋಗುವುದನ್ನು ಬಿಡಿಸಲು ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ. ಗಂಡಸರ ಹಳೆಯ ಪ್ಯಾಂಟ್ ಸೀರೆಯ ಒಳಗೆ ಹಾಕಿಕೊಳ್ಳಲು ಹೇಳಿದೆ, ನಿಧಾನಕ್ಕೆ ಒಪ್ಪಿದರು. ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ, ಮೈಗೆ ಸೋಪು ಹಚ್ಚಿ ಸ್ನಾನ.

ಅಡಿಕೆ ಬೆಳೆಗಾರ
ನಮ್ಮ ಊರಿನಲ್ಲಿ ಎಣ್ಣೆ ಬರುವುದು ಕಾಯಿಲೆ ಬಂದ ಮೇಲೆ. ನವೆಂಬರಿನಲ್ಲೇ ಮನೆಗೆ ತಲುಪಬೇಕಲ್ಲವೇ? ಈ ವಿಷಯಕ್ಕೆ ಗ್ರಾಮಸಭೆಯಲ್ಲಿ ನಾನೇ ಎದ್ದು ನಿಲ್ಲುತ್ತೇನೆ. ಮಂಗದ ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಬದಲಾಗಿಲ್ಲ.

ಕಾಡುದಾರಿ
ಎಣ್ಣೆಯ ವಿಷಯಕ್ಕೆ ನಾನೂ ಬರುತ್ತೇನೆ ಅಣ್ಣಾ, ದಿನ ತಿಳಿಸಿ.

ಬೆಟ್ಟದಂಚಿನ ಮನೆ
ಈಗಿನ ಸ್ಥಿತಿ ತಿಳಿಸುತ್ತೇನೆ. ಆಶಾ ಅಕ್ಕನಿಗೆ ಫೋನ್ ಮಾಡಿದ ಮರುದಿನವೇ ಇಲಾಖೆಯವರು ಬಂದರು. ದಾರಿ ತೋರಿಸಲು ಅಮ್ಮನೇ ಮುಂದೆ ಹೋದರು, ಅಪ್ಪನ ಹಳೆಯ ಪ್ಯಾಂಟ್ ಹಾಕಿಕೊಂಡು. ಮುಸುವವನ್ನು ಸುಟ್ಟು, ಸುತ್ತ ಪುಡಿ ಹೊಡೆದಿದ್ದಾರೆ. ಪರೀಕ್ಷೆಯ ವರದಿ ಇನ್ನೂ ಬರಬೇಕು. ಅಮ್ಮನಿಗೂ ಚಿಕ್ಕಮ್ಮನಿಗೂ ಇಂದಿಗೆ ಆರನೆಯ ದಿನ, ಜ್ವರವಿಲ್ಲ. ಬೆಳಿಗ್ಗೆ ಸಂಜೆ ಥರ್ಮಾಮೀಟರ್ ಇಡುತ್ತಿದ್ದೇನೆ. ಚಿಕ್ಕಮ್ಮ ಬೈಯುತ್ತಲೇ ಬಾಯಿ ತೆರೆಯುತ್ತಾರೆ.

ಎಣ್ಣೆಯ ನಾಲ್ಕು ಬಾಟಲಿ ಕೊಟ್ಟರು. ಅಮ್ಮ ಒಂದನ್ನು ಹಿಂಬಾಗಿಲಿನಲ್ಲಿ ಕತ್ತಿ ಸಿಕ್ಕಿಸುವ ಗೂಟದ ಪಕ್ಕ ದಾರ ಕಟ್ಟಿ ನೇತುಹಾಕಿದ್ದಾರೆ, ಕತ್ತಿ ತೆಗೆಯುವ ಕೈಗೆ ಮೊದಲು ಅದೇ ಸಿಗಲಿ ಎಂದು. ನನ್ನ ರಜೆ ಇನ್ನು ಎರಡು ದಿನ ಇದೆ, ಇನ್ನೊಂದು ವಾರ ಕೇಳಿದ್ದೇನೆ. ಈ ವರ್ಷ ಮಿಡಿಗೆ ಹೋಗುವುದಿಲ್ಲ.

ಉಪ್ಪಿನಕಾಯಿ ಜಾಡಿ
ವಿಳಾಸ ಖಾಸಗಿಯಾಗಿ ಕಳಿಸಿ. ನಮ್ಮ ಅಂಗಳದ ಮರದ ಮಿಡಿ ಐದು ನೂರಾದರೂ ಇದೆ, ಉಪ್ಪಿಗೆ ಹಾಕಿದ್ದನ್ನೇ ಕಳಿಸುತ್ತೇನೆ. ಹತ್ತು ದಿನ ಮುಗಿದ ಮೇಲೆ ಅಮ್ಮ ಹೇಗಿದ್ದಾರೆಂದು ಇಲ್ಲಿಯೇ ಬರೆಯಿರಿ, ಮರೆಯಬೇಡಿ.